ಮೂಲೆಮನೆಯ ಕೂಲಿ ಆಫೀಸು

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಗಡಿಕಲ್ಲುಗಳೇ ಹೆಚ್ಚಿದ್ದವು. ಐವತ್ತರ ದಶಕದ ನಡುಭಾಗ. ರಸ್ತೆ ಎಂದು ಕರೆಯುತ್ತಿದ್ದುದು ಎರಡು ಸಾಲು ಜಲ್ಲಿ ರಾಶಿಗಳ ನಡುವಿನ ಕೆಂಪು ಧೂಳು. ಈಗ ಮಹಾಲಕ್ಷ್ಮಿ ಲೇಔಟ್ ಇರುವ ಕಡೆ ಬಂಡೆ, ಬಸವೇಶ್ವರನಗರ ಇರುವ ಕಡೆ ರಾಗಿ ಹೊಲ. ನಂಜನಗೂಡಿನ ಇಕ್ಕಟ್ಟು ಬೀದಿಯಲ್ಲಿ ಬೆಳೆದ ನನಗೆ ಇಷ್ಟೊಂದು ಆಕಾಶ ನೋಡಿ ಮೊದಮೊದಲು ಭಯವೇ ಆಗುತ್ತಿತ್ತು. ಇಲ್ಲಿ ಕೂಗಿ ಕರೆದರೆ ಯಾರಿಗೆ ಕೇಳಿಸೀತು ಎಂದುಕೊಳ್ಳುತ್ತಿದ್ದೆ. ನಮ್ಮ ಅತ್ತೆಯವರ ಕಂಠ ಕೇಳಿದ ಮೇಲೆ ಆ ಭಯ ಹೋಯಿತು.

ಅತ್ತೆ ನಮ್ಮ ಬೀದಿಗೆ ಚೇರ್ಮನ್ ಇದ್ದ ಹಾಗೆ. ಯಾರೂ ಆರಿಸಿರಲಿಲ್ಲ, ಇಳಿಸುವ ಧೈರ್ಯವೂ ಯಾರಿಗೂ ಇರಲಿಲ್ಲ. ಮಾವನವರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಬಂದ ಹಣವನ್ನೆಲ್ಲ ಸುರಿದು ಈ ಮನೆ ಕಟ್ಟಿಸಿದ್ದರು. ನಮ್ಮ ಯಜಮಾನರು ಹತ್ತಿರದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಅವರು ಮನೆಯಲ್ಲಿ ಎಚ್ಚರವಾಗಿರುತ್ತಿದ್ದ ಹೊತ್ತು ಕಡಿಮೆ, ಎಚ್ಚರವಾಗಿದ್ದಾಗ ಮಾತಾಡುತ್ತಿದ್ದುದು ಇನ್ನೂ ಕಡಿಮೆ. ಹಾಗಾಗಿ ನನ್ನ ಲೋಕವೆಂದರೆ ಅತ್ತೆ, ಒಲೆ, ಬೀದಿ ನಲ್ಲಿ, ಮತ್ತು ಪಕ್ಕದ ಮೂಲೆಮನೆ.

ಮೂಲೆಮನೆಗೆ ಗೋಡೆಗಳಿದ್ದವು, ಸೂರಿರಲಿಲ್ಲ. ಯಜಮಾನ ಗೋಡೆ ಎಬ್ಬಿಸಿ, ಬಾಗಿಲು ಕಿಟಕಿ ಕೂಡಿಸಿ, ತಾರಸಿಗೆ ಮರ ತರಿಸಿದ ತಿಂಗಳಲ್ಲೇ ಎದೆನೋವು ಬಂದು ತೀರಿಕೊಂಡಿದ್ದ. ಆತನ ಹೆಂಡತಿ, ನಾವೆಲ್ಲ ಮೂಲೆಮನೆಯವರು ಎನ್ನುತ್ತಿದ್ದಾಕೆ, ಹಿಂದಿನ ಒಂದು ಕೋಣೆಯ ಮೇಲೆ ತಗಡು ಹೊದಿಸಿಕೊಂಡು ಒಬ್ಬರೇ ಬದುಕುತ್ತಿದ್ದರು. ಮುಂದಿನ ನಡುಮನೆಯಲ್ಲಿ ನಿಂತರೆ ತಲೆಯ ಮೇಲೆ ಕಾಗೆಗಳು ಹಾರುವುದು ಕಾಣುತ್ತಿತ್ತು. ಇದ್ದೊಬ್ಬ ಮಗಳನ್ನು ತುಮಕೂರಿನ ಕಡೆ ಕೊಟ್ಟಿದ್ದರು. ಆ ಹುಡುಗಿ ಆಗ ಚೊಚ್ಚಲ ಬಸುರಿ. ಗಂಡನ ಮನೆಯಲ್ಲಿ ಅತ್ತೆಯಿಲ್ಲ, ನಾದಿನಿಯಿಲ್ಲ, ಬಾಣಂತನ ಮಾಡುವ ಹೆಣ್ಣು ದಿಕ್ಕೇ ಇಲ್ಲ. ಹೆರಿಗೆ ತಾಯಿಯ ಹತ್ತಿರವೇ ಆಗಬೇಕು. ಆದರೆ ಬೀಗರು ಬಂದು ಮನೆ ನೋಡಿ, "ಮಳೆಗಾಲದಲ್ಲಿ ಹೆರಿಗೆ, ತಗಡಿನ ಕೆಳಗೆ ಹಸುಗೂಸು ಮಲಗಿಸ್ತೀರಾ? ಸೂರು ಹಾಕ್ಸಿ, ಕಳಿಸ್ತೀವಿ" ಎಂದು ಹೇಳಿ ಹೋಗಿದ್ದರು. ಅದು ಬೇಸಿಗೆ ಶುರುವಾಗುವ ಹೊತ್ತು. ಮಳೆಗೆ ಮುಂಚೆ ತಾರಸಿಯಾಗಬೇಕು, ಇಲ್ಲವಾದರೆ ಮಗಳು ಬರುವುದಿಲ್ಲ. ನಲ್ಲಿಯ ಹತ್ತಿರ ಕೊಡ ಇಟ್ಟು ಅವರು ನನಗೆ ಇದನ್ನು ಹೇಳುವಾಗ ಅಳುತ್ತಿರಲಿಲ್ಲ. ಆ ಒಣಗಿದ ಕಣ್ಣು ನೋಡಲು ನನ್ನ ಕೈಲಿ ಆಗಲಿಲ್ಲ.

ಅಂಥ ಹೊತ್ತಿನಲ್ಲಿ ಮೇಸ್ತ್ರಿಯೊಬ್ಬ ಬಂದ. ಸುತ್ತಮುತ್ತ ಏಳುತ್ತಿದ್ದ ಮನೆಗಳಿಗೆಲ್ಲ ದಿನಗೂಲಿ ಆಳುಗಳನ್ನು ಒದಗಿಸುವುದು ಅವನ ಕಸುಬು. ಆಳುಗಳು ಬೆಳಗ್ಗೆ ಬಂದು ನಿಲ್ಲುವುದಕ್ಕೆ, ಮನೆ ಕಟ್ಟಿಸುವವರು ಬಂದು ಕರೆದುಕೊಂಡು ಹೋಗುವುದಕ್ಕೆ ಅವನಿಗೆ ಒಂದು ಜಾಗ ಬೇಕಿತ್ತು. ಮೂಲೆಮನೆಯ ಮುಂದಿನ ವಿಶಾಲವಾದ ಬಯಲು ನೋಡಿ, "ಅಮ್ಮಾ, ಬಾಡಿಗೆ ಬದ್ಲು ನನ್ನ ಆಳುಗಳೇ ನಿಮ್ಮ ತಾರಸಿ ಹಾಕ್ಕೊಡ್ತಾರೆ" ಎಂದ. ಆಕೆ ಎರಡನೇ ಮಾತಾಡಲಿಲ್ಲ. ಮಾರನೆಯ ವಾರ ಗೋಡೆಗೆ ಒಂದು ತಗಡಿನ ಬೋರ್ಡು ಬಂತು: "ಇಲ್ಲಿ ದಿನಗೂಲಿ ಆಳುಗಳು ದೊರೆಯುತ್ತಾರೆ."

"ದೊರೆಯುತ್ತಾರಂತೆ!" ಮಾವನವರು ಕನ್ನಡಕ ಏರಿಸಿಕೊಂಡು ಬೋರ್ಡು ಓದಿ ಒಳಗೆ ಬಂದರು. "ದಂಟಿನ ಸೊಪ್ಪು ದೊರೆಯುತ್ತೆ ಅನ್ನೋ ಹಾಗೆ ಬರೆದಿದಾನೆ. ಇದು ರೆಸಿಡೆನ್ಷಿಯಲ್ ಏರಿಯಾನೋ, ಸಂತೆಮಾಳವೋ?"

ಬೆಳಗಿನ ಆ ಜನಸಂದಣಿಯನ್ನು ಮೊದಲ ಸಲ ನೋಡಿದಾಗ ನಾನು ಹಾಲಿನ ಪಾತ್ರೆ ಹಿಡಿದು ಜಗಲಿಯ ಮೇಲೆ ಹಾಗೇ ನಿಂತುಬಿಟ್ಟಿದ್ದೆ. ಮಾಗಡಿ ರಸ್ತೆಯ ಕಡೆಯಿಂದ ಮಂಜಿನೊಳಗೆ ಸಾಲುಸಾಲಾಗಿ ಬರುತ್ತಿದ್ದರು. ಗುದ್ದಲಿ ಹೆಗಲಿಗೇರಿಸಿದ ಗಂಡಸರು, ಬಾಂಡ್ಲಿ ತಲೆಗೆ ಬೋರಲು ಹಾಕಿಕೊಂಡ ಹೆಂಗಸರು, ಸೊಂಟದಲ್ಲಿ ಕೂಸು, ಸೆರಗಿನ ಗಂಟಿನಲ್ಲಿ ಮುದ್ದೆ. ಕನ್ನಡ, ತೆಲುಗು, ತಮಿಳು ಎಲ್ಲ ಬೆರೆತ ಗುಜುಗುಜು. ಇಷ್ಟು ಕೈಗಳು ದಿನಾ ಎಲ್ಲಿಂದ ಏಳುತ್ತವೆ, ಸಂಜೆಗೆ ಎಲ್ಲಿ ಹೋಗಿ ಮಲಗುತ್ತವೆ ಎಂದು ನನಗೆ ಬೆರಗು. ನಾವು ಮಲಗುತ್ತಿದ್ದ ಮನೆಯ ಒಂದೊಂದು ಇಟ್ಟಿಗೆಯನ್ನೂ ಯಾವುದೋ ಒಂದು ತಲೆ ಹೊತ್ತು ತಂದಿದೆ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಬೀದಿಯ ದೊಡ್ಡವರಿಗೆ ಹೊಳೆದದ್ದು ಬೇರೆ. ಕಳ್ಳತನವಾಗುತ್ತೆ, ಬೀಡಿ ಸೇದುತ್ತಾರೆ, ಎಲೆಯಡಿಕೆ ಉಗಿಯುತ್ತಾರೆ, ಹೆಣ್ಣುಮಕ್ಕಳು ಓಡಾಡುವ ಹಾಗಿಲ್ಲ, ನಾಳೆ ಹೆಂಡದಂಗಡಿಯೂ ಬರುತ್ತೆ. ಅವರು ಯಾವ ಜಾತಿಯೋ ಏನೋ ಎನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೂ ಎಲ್ಲರಿಗೂ ಕೇಳಿಸುತ್ತಿತ್ತು. ನಾವೆಲ್ಲ ಅಲ್ಲಿಗೆ ಬಂದು ಎರಡು ಮಳೆಗಾಲ ಕಂಡಿದ್ದರೆ ಹೆಚ್ಚು, ಆದರೆ ತಲೆತಲಾಂತರದಿಂದ ಕೋಟೆ ಕಾಯ್ದುಕೊಂಡು ಬಂದವರ ಗತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಮನೆ ಕಟ್ಟಿದವರು ಮನೆ ಮುಂದೆ ನಿಲ್ಲಬಾರದು ಎಂದು ತೀರ್ಮಾನವಾಯಿತು.

ಗಂಡಸರು ನಮ್ಮ ಜಗಲಿಯ ಮೇಲೆ ಮೀಟಿಂಗು ಮಾಡಿದರು. ಕಾಫಿ ಕಾಸಿ ಕಾಸಿ ನನಗೆ ಸಾಕಾಯಿತು. ಮೇಸ್ತ್ರಿಯನ್ನು ಕರೆಸಿ ಗದರಿದರು. ಅವನು ಕೈಮುಗಿದು "ಆಗಲಿ ಸ್ವಾಮಿ, ಆಗಲಿ ಸ್ವಾಮಿ" ಎಂದು ಹೇಳಿ ಮಾರನೆಯ ದಿನ ಇನ್ನೂ ಹೆಚ್ಚು ಆಳು ನಿಲ್ಲಿಸಿದ. ಮೂಲೆಮನೆಯವರ ಹತ್ತಿರ ಹೋದರು. ಆಕೆ ಬಾಗಿಲಿಗೆ ಅಡ್ಡ ನಿಂತು, "ನನ್ನ ಮಗಳ ಬಾಣಂತನಕ್ಕೆ ನಿಮ್ಮ ಮನೇಲಿ ಒಂದು ಕೋಣೆ ಕೊಡ್ತೀರಾ? ಕೊಡಿ, ಇವತ್ತೇ ಬೋರ್ಡು ಕಿತ್ತು ಹಾಕಿಸ್ತೀನಿ" ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅರ್ಜಿ ಬರೆಯುವುದೇ ವಾಸಿ ಎಂದು ವಾಪಸು ಬಂದರು.

ಅತ್ತೆ ಒಳಗಿನಿಂದ ಎಲ್ಲ ಕೇಳುತ್ತಿದ್ದರು. ಅಂದು ಮಧ್ಯಾಹ್ನ ಅಕ್ಕಿ ಆರಿಸುತ್ತಾ ನನಗೆ ಹೇಳಿದರು: "ಇವರ ಅರ್ಜಿ ನೆಚ್ಚಿಕೊಂಡ್ರೆ ಆ ಕೂಲಿಗಳ ಮೊಮ್ಮಕ್ಕಳೂ ಇಲ್ಲೇ ಬಂದು ನಿಲ್ತಾರೆ ಕಣೇ. ನಾನೊಂದು ಉಪಾಯ ಮಾಡಿದೀನಿ. ನಿಂಗೆ ಎಷ್ಟು ದೊಡ್ಡ ರಂಗೋಲಿ ಬರುತ್ತೆ?"

ಉಪಾಯ ಕೇಳಿ ನಾನು ದಂಗಾದೆ. ಮೂಲೆಮನೆಯ ಸೈಟಿಗೆ ಎರಡು ಕಡೆ ರಸ್ತೆ, ಹಿಂದೆ ಕಳ್ಳಿಬೇಲಿ, ಇನ್ನೊಂದು ಕಡೆ ನಮ್ಮ ಕಾಂಪೌಂಡು. ಆ ಎರಡೂ ರಸ್ತೆಯ ಉದ್ದಕ್ಕೂ, ಒಂದು ಕಾಲಿಡಲೂ ಜಾಗವಿಲ್ಲದ ಹಾಗೆ, ಬೀದಿಯ ಹೆಂಗಸರೆಲ್ಲ ಸೇರಿ ಬೆಳಗಾಗುವುದರೊಳಗೆ ರಂಗೋಲಿ ಹಾಕಿಬಿಡಬೇಕು. ಎಂಥವರಾದರೂ ರಂಗೋಲಿ ತುಳಿಯುವುದಿಲ್ಲ. ತುಳಿಯದಿದ್ದರೆ ಅವರು ಒಳಗೆ ಹೋಗಿ ನಿಲ್ಲುವ ಹಾಗಿಲ್ಲ. ತುಳಿದರೋ, ಜಗಳಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಪೊಲೀಸು ಬೇಡ, ಅರ್ಜಿ ಬೇಡ. ಅತ್ತೆಯವರ ತಲೆಗೆ ಕಿರೀಟ ಇಡಬೇಕು ಅನ್ನಿಸಿತು. ಮೂಲೆಮನೆಯವರ ಮಗಳ ಗತಿಯೇನು ಎಂದು ಒಂದು ಮಾತು ಬಾಯಿಗೆ ಬಂತು. ಅಷ್ಟರಲ್ಲಿ ಅವರೇ, "ಅವರ ಮಗಳಿಗೆ ಬೇರೆ ಏನಾದ್ರೂ ದಾರಿ ಮಾಡೋಣ, ಮೊದಲು ಇದು ತೊಲಗಲಿ" ಎಂದು ಬಾಯಿ ಮುಚ್ಚಿಸಿದರು.

ಅತ್ತೆಯವರು ಯಾವ ಕೆಲಸವನ್ನೂ ಪಂಚಾಂಗ ನೋಡದೆ ಮಾಡಿದವರಲ್ಲ. ಹಪ್ಪಳ ಇಡುವುದಕ್ಕೂ ದಿನ ನೋಡುತ್ತಿದ್ದರು. ಜಗಳ ತೆಗೆಯುವುದಕ್ಕೂ ನೋಡಿದರು. ರಾಹುಕಾಲ, ಗುಳಿಕಕಾಲ ಎಲ್ಲ ಕಳೆದು, ಆ ಪಕ್ಷದಲ್ಲೇ ಅತ್ಯಂತ ಪ್ರಶಸ್ತವಾದ ದಿನವೊಂದನ್ನು ಬೆರಳಿಟ್ಟು ತೋರಿಸಿದರು. ಆ ಬೀದಿಯಲ್ಲಿ ಎಲ್ಲರ ಮನೆಯಲ್ಲಿದ್ದುದೂ ಒಂದೇ ಪಂಚಾಂಗ ಎನ್ನುವುದು ಆ ಜಾಣೆಗೆ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಆ ದಿನ ಕೋಳಿ ಕೂಗುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಪೊರಕೆ, ಬಕೆಟ್ಟು, ರಂಗೋಲಿ ಡಬ್ಬಿ ಹಿಡಿದು ಹೊರಬಂದರು. ಗುಡಿಸಿ, ಸಗಣಿ ನೀರು ಹಾಕಿ, ಚುಕ್ಕಿ ಇಟ್ಟೆವು. ಶುರು ಮಾಡುವಾಗ ಎಲ್ಲರ ಮುಖವೂ ಯುದ್ಧಕ್ಕೆ ಹೊರಟ ಹಾಗಿತ್ತು. ಆದರೆ ರಂಗೋಲಿಯ ಮುಂದೆ ಕೂತ ಹೆಂಗಸಿಗೆ ಎಷ್ಟು ಹೊತ್ತು ಸಿಟ್ಟು ನಿಂತೀತು? ಸ್ವಲ್ಪ ಹೊತ್ತಿಗೆಲ್ಲ ಯಾರ ಬಳ್ಳಿ ಚೆನ್ನಾಗಿದೆ, ಯಾರ ಹಂಸದ ಕೊಕ್ಕು ಸೊಟ್ಟಗಿದೆ ಎಂದು ಚೇಷ್ಟೆ ಶುರುವಾಯಿತು. ಒಬ್ಬಾಕೆ ಕೆಮ್ಮಣ್ಣು ತಂದು ಅಂಚು ಕಟ್ಟಿದಳು. ಇನ್ನೊಬ್ಬಾಕೆ ಹಬ್ಬಕ್ಕೆ ಇಟ್ಟಿದ್ದ ಬಣ್ಣ ತಂದಳು. ನಾನು ನಂಜನಗೂಡಿನಲ್ಲಿ ಅಜ್ಜಿಯಿಂದ ಕಲಿತಿದ್ದ ಅಷ್ಟದಳ ಪದ್ಮವನ್ನು ಮೂಲೆಮನೆಯ ಬಾಗಿಲಿಗೆ ನೇರವಾಗಿ ಬಿಡಿಸಿದೆ. ಬೆಳಕು ಹರಿದು ನೋಡಿದರೆ ಎರಡು ಬೀದಿ ಕೂಡುವ ಆ ಮೂಲೆ ಪೂರ್ತಿ ಬೆಳ್ಳಗೆ ಅರಳಿ ನಿಂತಿತ್ತು. ಅಂಥ ರಂಗೋಲಿಯನ್ನು ನಾನು ಆಮೇಲೆ ಜನ್ಮದಲ್ಲಿ ನೋಡಿಲ್ಲ. ಹಾಕಿದ ನಮಗೇ ಮೈ ಜುಮ್ಮೆಂದಿತು.

ನಾವು ನಮ್ಮ ನಮ್ಮ ಜಗಲಿಗೆ ಸರಿದು ನಿಂತೆವು. ಅವರು ಬಂದರು.

ಮುಂದೆ ಬಂದವಳು ಎತ್ತರದ ಒಬ್ಬ ಹೆಂಗಸು. ಹೆಂಗಸಾಳುಗಳಿಗೆಲ್ಲ ಅವಳೇ ಮುಂದಾಳು ಎಂದು ಆಗಲೇ ನಾವು ಕಂಡುಕೊಂಡಿದ್ದೆವು. ರಂಗೋಲಿಯ ಅಂಚಿಗೆ ಬಂದವಳು ಗಕ್ಕನೆ ನಿಂತಳು. ಅವಳ ಹಿಂದಿನವರು ನಿಂತರು. ಅವರ ಹಿಂದಿನವರೂ ನಿಂತರು. ಮಾತು ನಿಂತಿತು. ಮಾಗಡಿ ರಸ್ತೆಯ ಕಡೆಯಿಂದ ಜನ ಬರುತ್ತಲೇ ಇದ್ದರು, ಬಂದವರು ಬಂದ ಹಾಗೆ ಸುಮ್ಮನಾಗುತ್ತಿದ್ದರು. ಗಂಡಸರು ಬೀಡಿ ಆರಿಸಿದರು. ಕೂಸೊಂದು ಕೈಚಾಚಿ ಜಾರಿ ಇಳಿಯಲು ನೋಡಿದಾಗ ತಾಯಿ ಅದನ್ನು ಹಿಂದಕ್ಕೆ ಎಳೆದುಕೊಂಡಳು. ಅಷ್ಟೊಂದು ಜನ, ಒಂದು ಕಾಲೂ ಮುಂದೆ ಬರಲಿಲ್ಲ.

ಅತ್ತೆಯವರ ಲೆಕ್ಕ ತಪ್ಪಿದ್ದು ಅಲ್ಲಿ. ಒಳಗೆ ಹೋಗಲಾರದವರು ಮನೆಗೆ ಹೋಗುತ್ತಾರೆ ಎಂದು ಅವರು ತಿಳಿದಿದ್ದರು. ಹೊಟ್ಟೆಪಾಡಿಗೆ ಬಂದವರು ಎಲ್ಲಿಗೆ ಹೋಗುತ್ತಾರೆ? ಅಲ್ಲೇ ನಿಂತರು. ಮೂಲೆಯಲ್ಲಿ ತಮ್ಮ ಪಾಡಿಗೆ ನಿಲ್ಲುತ್ತಿದ್ದವರು ಈಗ ಹನುಮಂತನ ಬಾಲದ ಹಾಗೆ ಬೀದಿಯುದ್ದಕ್ಕೂ ಬೆಳೆದು, ಎಲ್ಲರ ಗೇಟಿನ ಮುಂದೆ, ಎಲ್ಲರ ಜಗಲಿಯ ಕೆಳಗೆ, ಅರ್ಜಿ ಬರೆದ ಮಹನೀಯರ ಮೂಗಿನ ಕೆಳಗೇ ನಿಂತರು. ಮಾವನವರು ಪೇಪರು ತರಲು ಹೊರಟವರು ಗೇಟು ತೆಗೆಯಲಾಗದೆ ವಾಪಸು ಬಂದರು.

ಆಗ ಆ ಎತ್ತರದ ಹೆಂಗಸು ಬಗ್ಗಿದಳು. ರಂಗೋಲಿಯ ಅಂಚಿನ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ತಿರುಗಿ, "ನೋಡ್ರಮ್ಮಿ, ಇವತ್ತು ತಾರಸಿ ಗಾರೆ ಹಾಕೋದು ಅಂತ ಇಡೀ ಬೀದಿಯೋರು ಸೇರಿ ರಂಗೋಲಿ ಬುಟ್ಟವ್ರೆ. ನಮ್ ಕೆಲ್ಸಕ್ಕೆ ಯಾರಾನ ರಂಗೋಲಿ ಬುಟ್ಟಿದ್ದ ಕಂಡಿದ್ರಾ?" ಎಂದಳು. ಹೆಂಗಸರೆಲ್ಲ ಬಗ್ಗಿ ನೆಲ ಮುಟ್ಟಿದರು.

ಮೂಲೆಮನೆಯವರೂ ಅದೇ ಪಂಚಾಂಗ ನೋಡಿ, ಅದೇ ಪ್ರಶಸ್ತ ದಿನ ಹುಡುಕಿ, ತಾರಸಿಗೆ ಮುಹೂರ್ತ ಇಟ್ಟಿದ್ದರು. ತೊಲೆಗಳ ಮೇಲೆ ಇಟ್ಟಿಗೆ ಕೂಡಿಸುವುದು ಆಗಲೇ ಮುಗಿದು, ಎದುರಿನ ಖಾಲಿ ಸೈಟಿನಲ್ಲಿ ಎತ್ತು ಕಟ್ಟಿ ಗಾಣದಲ್ಲಿ ಅರೆದ ಸುಣ್ಣದ ಗಾರೆ ರಾಶಿಯಾಗಿ ಬಿದ್ದಿತ್ತು. ದಿನಾ ಕಣ್ಣಿಗೆ ಬೀಳುತ್ತಿದ್ದರೂ ಅದು ಯಾವತ್ತಿಗೆ ಎಂದು ನಾವು ಯಾರೂ ಕೇಳಿರಲಿಲ್ಲ.

ಗಲಾಟೆಯಿಲ್ಲದ್ದೇ ಅನುಮಾನವಾಗಿರಬೇಕು, ಮೂಲೆಮನೆಯವರು ಮುಂಬಾಗಿಲು ತೆಗೆದು ಹೊರಬಂದರು. ಹೊಸಿಲಿನ ಮೇಲೆ ನಿಂತು ನೋಡಿದರು. ಗಂಡ ಹೋದ ಹೆಂಗಸು ಬಾಗಿಲಿಗೆ ರಂಗೋಲಿ ಹಾಕಬಾರದು ಎನ್ನುವ ಕಾಲ ಅದು. ಯಜಮಾನ ಹೋದ ಮೇಲೆ ಆ ಹೊಸಿಲಿನ ಮುಂದೆ ಒಂದು ಎಳೆಯೂ ಬಿದ್ದಿರಲಿಲ್ಲ. ಬೀದಿಗೆ ಬೀದಿಯೇ ಪ್ರತಿ ಬೆಳಗ್ಗೆ ಬೆಳ್ಳಗಾಗುವಾಗ ಆ ಒಂದು ಬಾಗಿಲ ಮುಂದೆ ಮಾತ್ರ ಬರಿಯ ಮಣ್ಣು. ಮಗಳ ಕಷ್ಟ ಹೇಳುವಾಗ ಅಳದಿದ್ದ ಹೆಂಗಸು ಈಗ ಸೆರಗು ಬಾಯಿಗೆ ಒತ್ತಿಕೊಂಡು, ಮಕ್ಕಳ ಹಾಗೆ ಬಿಕ್ಕಿದರು. ಆಮೇಲೆ ನಮ್ಮ ಜಗಲಿಯ ಕಡೆ ತಿರುಗಿ ಅತ್ತೆಯವರಿಗೆ ಕೈಮುಗಿದರು.

"ನೀವೆಲ್ಲ ನಮ್ಮ ಮೇಲೆ ಸಿಟ್ಟಾಗಿದೀರಿ ಅಂತ ತಿಳ್ಕೊಂಡಿದ್ದೆ" ಎಂದರು. "ನನ್ನ ಮಗಳು ಬರೋ ದಾರಿಗೆ ರಂಗೋಲಿ ಹಾಕಿದೀರಲ್ಲ."

ಬೀದಿಯಲ್ಲಿದ್ದವರೆಲ್ಲ ಅತ್ತೆಯ ಕಡೆ ನೋಡಿದರು. ನಾನೂ ನೋಡಿದೆ. ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಮ್ಮ ಅತ್ತೆ ಜಗಲಿಯ ಕಂಬ ಹಿಡಿದುಕೊಂಡು ನಿಂತೇ ಇದ್ದರು.

ಅಷ್ಟರಲ್ಲಿ ಮೇಸ್ತ್ರಿ ಸೈಕಲ್ಲು ತಳ್ಳಿಕೊಂಡು ಬಂದ. ರಂಗೋಲಿ ನೋಡಿ ತಲೆ ಕೆರೆದುಕೊಂಡ. "ಅಮ್ಮಾ, ಕಲಸಿರೋ ಗಾರೆ ಕಾಯಲ್ಲ. ಇವತ್ತು ಮೇಲೆ ಹೋಗ್ಲಿಲ್ಲ ಅಂದ್ರೆ ಎಲ್ಲಾ ಮಣ್ಣುಪಾಲು. ಇನ್ನೊಂದ್ಸಲ ಸುಣ್ಣ ಸುಟ್ಟು, ಅರೆದು, ಹಾಕೋ ಹೊತ್ಗೆ ಮಳೆ ಹಿಡ್ಕೊಳ್ಳುತ್ತೆ. ಒಂದು ಕಡೆ ನೀರು ಹಾಕಿ ಗುಡಿಸಿಬಿಡಲಾ?"

"ಬುಡು ಬುಡು!" ಎಂದಳು ಎತ್ತರದ ಹೆಂಗಸು. "ಸುಭಕ್ಕೆ ಬುಟ್ಟಿರೋ ರಂಗೋಲಿನ ಕೆಲ್ಸಕ್ಕೆ ಮುಂಚೇನೇ ಅಳಿಸ್ತಾರಾ? ಬಸ್ರಿ ಹೆಂಗ್ಸು ಬರೋ ಮನೆ. ನಾ ಕಾಲಿಕ್ಕಾಕಿಲ್ಲ ಕಣಪ್ಪ."

ಅಲ್ಲಿದ್ದ ಯಾರೂ ಕಾಲಿಡಲು ತಯಾರಿರಲಿಲ್ಲ. ಬಿಸಿಲು ಏರುತ್ತಿತ್ತು. ಮೂಲೆಮನೆಯವರು ಒಮ್ಮೆ ಗಾರೆಯ ರಾಶಿ ನೋಡುತ್ತಿದ್ದರು, ಒಮ್ಮೆ ರಂಗೋಲಿ. ಅತ್ತೆಯವರ ಉಪಾಯ ಅವರು ಎಣಿಸಿದ್ದಕ್ಕಿಂತ ಚೆನ್ನಾಗಿ ಫಲಿಸಿತ್ತು. ಇನ್ನು ಅರ್ಧ ದಿನ ಸುಮ್ಮನೆ ನಿಂತಿದ್ದರೆ ಸಾಕು, ತಾರಸಿಯೂ ಇಲ್ಲ, ಮೇಸ್ತ್ರಿಯೂ ಇಲ್ಲ, ಬೋರ್ಡೂ ಇಲ್ಲ. ಎದುರುಮನೆಯ ಜಗಲಿಯಿಂದ ಒಬ್ಬ ಹಿರಿಯರು ಅತ್ತೆಗೆ ಕಣ್ಣಲ್ಲೇ 'ಭೇಷ್' ಎಂದದ್ದನ್ನೂ ನಾನು ಕಂಡೆ.

ಅತ್ತೆ ಕಂಬ ಬಿಟ್ಟರು. ಜಗಲಿಯಿಂದ ಇಳಿದು, ನಮ್ಮ ಗೇಟಿನ ಚಿಲಕ ತೆಗೆದರು.

"ರಂಗೋಲಿ ಹಾಗೇ ಇರಲಿ" ಎಂದರು. "ನಮ್ಮ ಹಿತ್ತಲಿಂದ ಹೋಗಲಿ. ಕಾಂಪೌಂಡಿಗೆ ಏಣಿ ಹಾಕ್ಕೊಳ್ಳಿ." ಆಮೇಲೆ ನನ್ನ ಕಡೆ ತಿರುಗಿ, "ಏನು ಕಣ್ಣು ಬಿಟ್ಕೊಂಡು ನಿಂತಿದೀಯ? ಮಡಿಬಟ್ಟೆ ಒಳಗೆ ತೆಗಿ" ಎಂದು ಗದರಿದರು.

ನಮ್ಮ ಹಿತ್ತಲೆಂದರೆ ಸಾಮಾನ್ಯ ಜಾಗವಲ್ಲ. ಸ್ನಾನವಾಗದೆ ನಾನೇ ಅಲ್ಲಿಗೆ ಕಾಲಿಡುವ ಹಾಗಿರಲಿಲ್ಲ. ತುಳಸಿಕಟ್ಟೆ, ಮಡಿನೀರಿನ ಹಂಡೆ, ಮಡಿ ಒಣಗಿಸುವ ಗಳ ಎಲ್ಲ ಅಲ್ಲೇ. ನಾನು ಬಟ್ಟೆ ತೆಗೆಯುವಷ್ಟರಲ್ಲಿ ಅತ್ತೆ ಹಂಡೆಯನ್ನು ತಾವೇ ಉರುಳಿಸಿಕೊಂಡು ಹೋಗಿ ಮೂಲೆಗಿಟ್ಟು ದಾರಿ ಮಾಡಿದ್ದರು. ಮಾವನವರು ಬೆಪ್ಪಾಗಿ ನೋಡುತ್ತಿದ್ದವರು ಕೊನೆಗೆ, "ಕೂಲಿಗಳು ಬೀದೀಲಿ ನಿಲ್ಲಬಾರದು ಅಂತ ಹೋರಾಡಿ, ನಮ್ಮ ಹಿತ್ತಲಿಗೇ ಕರ್ಕೊಂಡ್ಯಲ್ಲೇ!" ಎಂದರು. ಅತ್ತೆ ಅವರ ಕಡೆ ತಿರುಗಿಯೂ ನೋಡಲಿಲ್ಲ. ಆ ದಿನ ನನಗೆ ಅತ್ತೆಯವರ ಮೇಲೆ ಹುಟ್ಟಿದ್ದನ್ನು ಭಯ ಎನ್ನಬೇಕೋ ಭಕ್ತಿ ಎನ್ನಬೇಕೋ ಇವತ್ತಿಗೂ ಗೊತ್ತಿಲ್ಲ. ಗೆಲ್ಲುತ್ತಿದ್ದ ಆಟವನ್ನು ಎಲ್ಲರ ಕಣ್ಣೆದುರು ಕೈಬಿಡುವುದಕ್ಕೆ ಎಂಥ ಎದೆ ಬೇಕು!

ಎದುರಿನ ಸೈಟಿನಿಂದ ನಮ್ಮ ಗೇಟು, ಗೇಟಿನಿಂದ ಪಕ್ಕದ ಓಣಿ, ಓಣಿಯಿಂದ ಹಿತ್ತಲು, ಹಿತ್ತಲಿನಿಂದ ಏಣಿ, ಏಣಿಯಿಂದ ತಾರಸಿ. ಅಷ್ಟುದ್ದಕ್ಕೂ ಹೆಂಗಸಾಳುಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಬಾಂಡ್ಲಿ ದಾಟಿಸಿದರು. ತುಂಬಿದ ಬಾಂಡ್ಲಿ ಹೋಗುತ್ತಿತ್ತು, ಖಾಲಿ ಬಾಂಡ್ಲಿ ಬರುತ್ತಿತ್ತು. ತುಳಸಿಕಟ್ಟೆಯ ಪಕ್ಕದಲ್ಲಿ ನಿಂತಿದ್ದ ಹುಡುಗಿ ಪ್ರತಿ ಸಲ ಮೈ ಬಳುಕಿಸಿ ಕಟ್ಟೆಗೆ ಸೆರಗೂ ತಾಗದ ಹಾಗೆ ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ದಾಟುವಷ್ಟರಲ್ಲಿ ಗಾರೆಯೆಲ್ಲ ಮೇಲೆ ಹೋಯಿತು.

ಮಾರನೆಯ ದಿನದಿಂದ ಬಡಿಯುವುದು. ಈಗಿನವರಿಗೆ ಅದು ಗೊತ್ತಿಲ್ಲ. ಈಗ ಒಂದೇ ದಿನದಲ್ಲಿ ಕಾಂಕ್ರೀಟು ಸುರಿದು ಮೋಲ್ಡಿಂಗ್ ಮುಗಿಸುತ್ತಾರೆ. ಆಗ ಮರದ ತೊಲೆಗಳ ಮೇಲೆ ಇಟ್ಟಿಗೆ ನಿಲ್ಲಿಸಿ, ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ ಹರಡಿ, ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಹಿಡಿಯಿರುವ ಚಪ್ಪಟೆ ಮರದ ಬಡಿಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ನಡುನಡುವೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು. "ಪಾಯಸಕ್ಕೆ ಹಾಕೋ ಬೆಲ್ಲ ತಾರಸಿಗೆ ಸುರೀತಾರೆ" ಎಂದು ಅತ್ತೆ ಹೊಟ್ಟೆ ಉರಿದುಕೊಂಡರು. ಒಬ್ಬಳು ಹಾಡಿನ ಒಂದು ಸಾಲು ಎತ್ತುತ್ತಿದ್ದಳು, ಉಳಿದವರು ಬಡಿಗೆಯ ಏಟಿನಲ್ಲೇ ಅದನ್ನು ಹಿಡಿಯುತ್ತಿದ್ದರು. ಅಷ್ಟು ಬಡಿಗೆಗಳು ಒಟ್ಟಿಗೆ ಮೇಲೇಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ನಮ್ಮ ಅಡಿಗೆಮನೆಯ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು.

ಮೊದಲ ದಿನ ಏಟಿನ ಸದ್ದು ಹಸಿ ಮಣ್ಣಿಗೆ ಬಿದ್ದ ಹಾಗೆ ಥಪ್ ಥಪ್ ಎನ್ನುತ್ತಿತ್ತು. ದಿನ ಕಳೆದ ಹಾಗೆ ಗಟ್ಟಿಯಾಯಿತು. ಕೊನೆಕೊನೆಗೆ ಬಡಿಗೆ ಬಿದ್ದಷ್ಟೇ ವೇಗವಾಗಿ ಪುಟಿದು ಮೇಲೇಳುತ್ತಿತ್ತು, ಕಲ್ಲಿನ ಮೇಲೆ ಬಿದ್ದಂಥ ಸದ್ದು ಬರುತ್ತಿತ್ತು. ಕೈಯಲ್ಲಿ ಹಿಸುಕಿದರೆ ಕಿವುಚಿಹೋಗುವ ಸುಣ್ಣವನ್ನು ಬರಿಯ ಕೈಬಲದಿಂದ, ಬರಿಯ ಹಾಡಿನಿಂದ ಬಂಡೆ ಮಾಡುತ್ತಿದ್ದರು. ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಹಿತ್ತಲಿಗೆ ಹೋಗಿ ತಲೆಯೆತ್ತಿ ನಿಂತುಬಿಡುತ್ತಿದ್ದೆ. ಒಂದು ದಿನ ಹಾಗೆ ನಿಂತಾಗ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ಅತ್ತೆ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಅವರು ಕೇಳಲಿಲ್ಲ. ಅವರೂ ಪಕ್ಕದಲ್ಲಿ ಬಂದು ತಲೆಯೆತ್ತಿ ನಿಂತರು.

ಬಡಿಯುವುದು ಮುಗಿಯುವವರೆಗೂ ಅತ್ತೆ ಮೂಲೆಮನೆಯ ಬಾಗಿಲಿಗೆ ದಿನಾ ನನ್ನ ಕೈಯಲ್ಲಿ ರಂಗೋಲಿ ಹಾಕಿಸಿದರು. ಶುರು ಮಾಡಿದ್ದನ್ನು ನಡುವೆ ಬಿಡುವ ಹಾಗಿಲ್ಲ ಎಂದು ಅವರ ವಾದ. "ಈ ಸಲ ಓಡಾಡಕ್ಕೆ ಒಂದು ಕಾಲ್ದಾರಿ ಬಿಡೇ, ಪುಣ್ಯಾತ್ಗಿತ್ತಿ" ಎನ್ನುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಬೀದಿಯೆಲ್ಲ ಒಂದೇ ದಿನದಲ್ಲಿ ಬದಲಾಯಿತು ಎಂದರೆ ಸುಳ್ಳಾದೀತು. ಎದುರುಮನೆಯವರು ನಮ್ಮ ಜೊತೆ ಮಾತು ಬಿಟ್ಟರು. ಅರ್ಜಿಯನ್ನೂ ಕಳಿಸಿದರು, ಅದು ಎಲ್ಲಿ ಹೋಯಿತೋ. ಮಾವನವರು ಬೋರ್ಡು ಕಂಡಾಗಲೆಲ್ಲ ಗೊಣಗುವುದನ್ನು ಬಿಡಲಿಲ್ಲ.

ಮಗಳು ಬಂದಳು. ಜಟಕಾದಿಂದ ಇಳಿದ ತುಂಬುಬಸುರಿಯನ್ನು ತಾಯಿ ಮೊದಲು ನಡುಮನೆಯಲ್ಲಿ ನಿಲ್ಲಿಸಿ ಮೇಲೆ ನೋಡು ಎಂದರಂತೆ.

ಅವಳು ಬಂದ ನಾಲ್ಕೈದು ದಿನಕ್ಕೆ, ಒಂದು ಸಂಜೆ, ರೋಹಿಣಿ ಮಳೆ ಬಂತು. ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ಆಕಾಶವೇ ಕಳಚಿ ಬಿದ್ದ ಹಾಗೆ ನೀರು. ಮೂಲೆಮನೆಯವರು ಬಾಗಿಲಲ್ಲಿ ನಿಂತು ನಮ್ಮನ್ನು ಕೂಗಿದರು. ಹೊಸ ತಾರಸಿಗೆ ಮೊದಲ ಮಳೆ, ಒಬ್ಬರೇ ಇರಲು ಅವರಿಗೆ ಧೈರ್ಯ ಸಾಲಲಿಲ್ಲ. ಅತ್ತೆ, ನಾನು ಇಬ್ಬರೂ ಸೆರಗು ತಲೆಗೆ ಹಾಕಿಕೊಂಡು ಓಡಿದೆವು. ನಡುಮನೆಯಲ್ಲಿ ಮಗಳು ಚಾಪೆಯ ಮೇಲೆ ಗೋಡೆಗೆ ಒರಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಿದ್ದಳು. ನಾವೂ ಮೇಲೆ ನೋಡಿದೆವು. ತಲೆಯ ಮೇಲೆ ಮಳೆ ಭೋರ್ಗರೆಯುತ್ತಿತ್ತು. ತೊಲೆಗಳ ನಡುವಿನ ಇಟ್ಟಿಗೆ ಸಾಲು ಒಣಗಿಯೇ ಇತ್ತು. ಮಾತಾಡಿದರೆ ಎಲ್ಲಿ ಸೋರಿಬಿಡುತ್ತದೋ ಎನ್ನುವ ಹಾಗೆ ಯಾರೂ ಉಸಿರೆತ್ತಲಿಲ್ಲ.

ಬಾಗಿಲ ಕಡೆ ಸದ್ದಾಯಿತು. ಮುಂದಿನ ಬೀದಿಯ ಕೆಲಸ ಮುಗಿಸಿ ವಾಪಸು ಹೋಗುತ್ತಿದ್ದ ಹೆಂಗಸಾಳುಗಳು ಮಳೆಗೆ ಸಿಕ್ಕಿ, ಓಡಿಬಂದು ಹೊಸಿಲಿನ ಆಚೆ ನಿಂತಿದ್ದರು. ಅಲ್ಲಿ ಇರಿಚಲು ಹೊಡೆಯುತ್ತಿತ್ತು. ಅರ್ಧ ಮೈ ನೆನೆಯುತ್ತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಎತ್ತರದ ಹೆಂಗಸು ಕತ್ತು ಮಾತ್ರ ಒಳಗೆ ಚಾಚಿ, ನಮ್ಮ ಹಾಗೆಯೇ ಮೇಲೆ ನೋಡುತ್ತಿದ್ದಳು. ತುಂಬ ಹೊತ್ತು ನೋಡಿದಳು. ತಾನು ಬಡಿದದ್ದು ಎನ್ನುವ ಹೆಮ್ಮೆ ಅವಳ ಮುಖದಲ್ಲಿರುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದುದು ಬೆರಗು.

"ಸೋರಾಕಿಲ್ಲ, ಅಲ್ವಾ?" ಎಂದಳು ಮೆಲ್ಲಗೆ.

"ಒಂದು ಹನೀನೂ ಇಲ್ಲ" ಎಂದರು ಮೂಲೆಮನೆಯವರು. "ಅದು ನಿಂಗೆ ಗೊತ್ತಿಲ್ವೇನೇ? ಎಷ್ಟು ತಾರಸಿ ಬಡಿದಿದೀಯೋ!"

"ಎಷ್ಟೋ ಬಡ್ದಿವ್ನಿ ಕಣ್ರವ್ವ" ಎಂದಳು ಅವಳು, ಕಣ್ಣು ಕೆಳಗಿಳಿಸದೆ. "ಮಳೆ ಬರೋವಾಗ ಒಂದ್ರ ಕೆಳಗೂ ನಿಂತಿರ್ನಿಲ್ಲ."

ಅತ್ತೆ ಅವಳನ್ನೇ ನೋಡುತ್ತಿದ್ದರು. ಅದು ನಮ್ಮ ಮನೆಯಲ್ಲ, ಒಳಗೆ ಕರೆಯುವ ಹಕ್ಕು ಅವರದ್ದಲ್ಲ. ಆದರೆ ನಮ್ಮ ಅತ್ತೆ ಅಂಥದ್ದನ್ನೆಲ್ಲ ಯಾವತ್ತು ನೋಡಿದವರು? ಬಾಗಿಲಿಗೆ ಹೋಗಿ ಅವಳ ನೆನೆದ ರಟ್ಟೆ ಹಿಡಿದರು.

"ಮತ್ತೆ ಆಚೆ ಯಾಕೆ ನಿಂತಿದೀಯ?" ಎಂದರು. "ಒಳಗೆ ಬಾ. ಸರಿಯಾಗಿ ನಡುಮಧ್ಯ ಬಂದು ನಿಂತ್ಕೊಂಡು ನೋಡು."